ಹೊಸ ಫೋನಿನ ಗಿರಗಿರ: ಸ್ಪೀಕರ್ ಬದಲಿಸದೆ ನಿಲ್ಲಿಸಿದ್ದು

ವಾಲ್ಯೂಮ್ ಅರವತ್ತು ಪರ್ಸೆಂಟ್ ದಾಟಿದರೆ ಸಾಕು, ಫೋನಿನ ಕೆಳಭಾಗದಿಂದ ಗಿರ್ರ್ ಅನ್ನುವ ಸದ್ದು. ಗಂಡುದನಿಯ ಮಾತು, ಪಿಯಾನೊದ ನಡುಸ್ವರ ಬಂದಾಗ ಇನ್ನೂ ಜಾಸ್ತಿ. ಕೇಳಿದವರ ತೀರ್ಪು ಎರಡೇ: ಸ್ಪೀಕರ್ ಹೋಗಿದೆ ಬದಲಿಸು, ಇಲ್ಲವೇ ಫ್ಯಾಕ್ಟರಿ ರೀಸೆಟ್ ಹೊಡಿ. ಎರಡೂ ಸುಳ್ಳಾದವು. ಸಿಮ್ ಟ್ರೇಗೆ ಅಂಟಿಸಿದ ಟೇಪಿನ ಸಣ್ಣ ಪಟ್ಟಿಯಿಂದ ಸದ್ದು ನಿಂತಿತು ಅಂದಾಗ ನಕ್ಕವರೇ ಹೆಚ್ಚು. ಪಟ್ಟಿ ತೆಗೆದು ಒಮ್ಮೆ, ಹಾಕಿ ಒಮ್ಮೆ ಅದೇ ಟೋನ್ ಕೇಳಿಸಿದ ಮೇಲೆ ಯಾರೂ ನಗಲಿಲ್ಲ.

ಮೊದಲು ದಂಡವಾದದ್ದರ ಲೆಕ್ಕ. ರೀಸೆಟ್‌ಗೆ ಅರ್ಧ ದಿನ ಹೋಯಿತು, ಫಲ ಸೊನ್ನೆ. ನೀರು ಹೊರಹಾಕುವ 165 ಹರ್ಟ್ಸ್ ಟೋನನ್ನು ಹತ್ತು ನಿಮಿಷ ಓಡಿಸಿದೆ. ನೀರೇ ಹೋಗದ ಹೊಸ ಫೋನಿನಿಂದ ಏನು ತಾನೇ ಹೊರಬರಬೇಕು? ಸ್ಪೀಕರಿನ ಜಾಲರಿ ಕ್ಲೀನ್ ಮಾಡಲು ಹಿಟ್ಟಿನ ಮುದ್ದೆಯಂಥ ಮೆತ್ತನೆಯ ಕ್ಲೀನಿಂಗ್ ಪುಟ್ಟಿ ತಂದೆ. ಅದರ ಚೂರೇ ಜಾಲರಿಯ ತೂತಿನಲ್ಲಿ ಕೂತು ದನಿ ಮಂಕಾಯಿತು, ಮರದ ಟೂತ್‌ಪಿಕ್ ಹಿಡಿದು ಒಂದೊಂದೇ ತೂತು ಬಿಡಿಸಬೇಕಾಯಿತು. ಬಿಡಿ ಸ್ಪೀಕರ್ ಬಾಕ್ಸ್ ಒಂದನ್ನೂ ಕೊಂಡಿಟ್ಟೆ, ಅದರ ಕವರ್ ಇನ್ನೂ ಹರಿದಿಲ್ಲ. ಬಾಕ್ಸ್ ಅಗ್ಗವೇ, ಆದರೆ ಹಾಕಿಸುವ ಕೂಲಿ, ಹಿಂಬದಿ ಗ್ಲಾಸಿನ ಹೊಸ ಅಂಟುಪಟ್ಟಿ ಸೇರಿದರೆ ಮೂಗಿಗಿಂತ ಮೂಗುತಿ ಭಾರ. ಮೇಲಾಗಿ ಹಿಂಬದಿ ಬಿಚ್ಚಿದರೆ ವಾರಂಟಿ ಅನುಮಾನ, ನೀರಿನ ಸೀಲ್ ಮೊದಲಿನಂತೆ ಕೂರುವ ಖಾತ್ರಿಯೂ ಇಲ್ಲ. ಇನ್ನೊಂದು ತೊಡಕನ್ನು ಬದಲಿಸುವವರು ಹೇಳುವುದಿಲ್ಲ: ಈಗಿನ ಸ್ಮಾರ್ಟ್ ಆಂಪ್‌ಗಳು (ಸ್ಪೀಕರನ್ನು ನುಡಿಸುವ ಆಂಪ್ಲಿಫೈಯರ್ ಚಿಪ್) ಸ್ಪೀಕರಿನೊಳಗಿನ ತಂತಿಸುರುಳಿಯಾದ ವಾಯ್ಸ್ ಕಾಯಿಲ್‌ನ ರೆಸಿಸ್ಟೆನ್ಸ್ ಅಳೆದು ಅದರ ಬಿಸಿಯನ್ನು ಅಂದಾಜು ಮಾಡುತ್ತವೆ. ಹೊಸ ಸ್ಪೀಕರ್ ಹಾಕಿ, ಅದಕ್ಕೆ ತಕ್ಕಂತೆ ಅಳತೆ ಹೊಂದಿಸುವ ಕ್ಯಾಲಿಬ್ರೇಶನ್ ಬಿಟ್ಟರೆ ಆ ಅಂದಾಜು ತಪ್ಪುತ್ತದೆ. ದನಿ ತಗ್ಗಬಹುದು, ಇಲ್ಲವೇ ಕಾಯಿಲ್‌ಗೆ ಪೆಟ್ಟು ಬೀಳಬಹುದು.

ದಾರಿಗೆ ಬಂದದ್ದು ಹಾಡು ಬಿಟ್ಟು ಸೈನ್ ಸ್ವೀಪ್ (ತಗ್ಗು ಫ್ರೀಕ್ವೆನ್ಸಿಯಿಂದ ಮೆಲ್ಲಗೆ ಮೇಲೇರುವ ಒಂಟಿ ಟೋನ್) ಹಿಡಿದ ಮೇಲೆ. ಹಾಡಿನಲ್ಲಿ ಎಲ್ಲ ಫ್ರೀಕ್ವೆನ್ಸಿ ಕಲಸಿರುತ್ತದೆ, ಗಿರಗಿರ ಎಲ್ಲಿಯದು ಎಂದು ಹಿಡಿಯಲಾಗುವುದಿಲ್ಲ. 200ರಿಂದ 1,200 ಹರ್ಟ್ಸ್‌ವರೆಗೆ ಸುಮಾರು ಒಂದೂವರೆ ನಿಮಿಷದ ನಿಧಾನದ ಸ್ವೀಪ್, ಡಬ್ಲ್ಯುಎವಿ ಫೈಲ್, ಮಟ್ಟ ಫೈಲಿನ ಗರಿಷ್ಠಕ್ಕಿಂತ 12 ಡೆಸಿಬೆಲ್ ಆಸುಪಾಸು ಕೆಳಗೆ. ಈಕ್ವಲೈಜರ್, ಸರೌಂಡ್ ಎಲ್ಲ ಆಫ್. ಕೇಸ್ ತೆಗೆದು ಫೋನನ್ನು ನಾಲ್ಕು ಮಡಿಕೆಯ ಬಟ್ಟೆಯ ಮೇಲೆ ಇಡಬೇಕು. ಬರೀ ಮೇಜಿನ ಮೇಲಿಟ್ಟರೆ ಮೇಜಿನ ಸದ್ದನ್ನೇ ಫೋನಿನ ತಲೆಗೆ ಕಟ್ಟುತ್ತೀರಿ. ಸ್ವೀಪ್‌ನ ಒಳಗೆ ನಾನು ಇನ್ನೊಂದು ಸಣ್ಣ ಕೆಲಸ ಮಾಡಿದ್ದೇನೆ, ಅದು ನನ್ನಲ್ಲೇ ಇರಲಿ. ಅದಿಲ್ಲದೆಯೂ ಕೆಲಸ ನಡೆಯುತ್ತದೆ.

ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಯಲ್ಲಿರುವ ಎಡ-ಬಲ ಬ್ಯಾಲೆನ್ಸನ್ನು ಒಂದು ತುದಿಗೆ ಎಳೆದರೆ ಮೇಲಿನ ಇಯರ್‌ಪೀಸ್ ಮಾತ್ರ, ಇನ್ನೊಂದು ತುದಿಗೆ ಕೆಳಗಿನದು ಮಾತ್ರ. ಇಯರ್‌ಪೀಸ್ ಮೊದಲೇ ಪುಟ್ಟದು, ಜೋರಾದರೆ ಸ್ವಲ್ಪ ಒಡೆಯುವುದು ಸಹಜ. ಸ್ಕ್ರೀನ್ ಗಾರ್ಡಿನ ಅಂಚು ಅದರ ಸೀಳಿನ ಮೇಲೆ ಕೂತಿದ್ದರೆ ಜೀರ್ ಅನ್ನುವುದೂ ಉಂಟು. ನನ್ನದರಲ್ಲಿ ಅದು ಶುದ್ಧ. ಕೆಳಗಿನದರಲ್ಲಿ 430 ಹರ್ಟ್ಸ್ ಹತ್ತಿರ ಗಿರ್ರ್ ಶುರು, 460 ದಾಟಿದರೆ ಮಾಯ. ಇಷ್ಟು ಕಿರಿದಾದ ಫ್ರೀಕ್ವೆನ್ಸಿ ವ್ಯಾಪ್ತಿಯಲ್ಲಿ ಮಾತ್ರ ಬರುವ ಸದ್ದು ಹರಿದ ಡಯಾಫ್ರಾಮಿನದಲ್ಲ (ಸ್ಪೀಕರಿನಲ್ಲಿ ಕಂಪಿಸುವ ಪೊರೆ), ಎಲ್ಲೋ ಸಡಿಲವಾದದ್ದು ತನ್ನ ಸ್ವಂತ ಫ್ರೀಕ್ವೆನ್ಸಿಯಲ್ಲಿ ಕುಣಿಯುತ್ತಿದೆ ಎಂದೇ ಅರ್ಥ. ಬೇರೆ ಫೋನಿನಲ್ಲಿ ಯಾವ ಫ್ರೀಕ್ವೆನ್ಸಿ ಎಷ್ಟಿದೆ ಎಂದು ತೋರಿಸುವ ಸ್ಪೆಕ್ಟ್ರಮ್ ಆ್ಯಪ್ ತೆರೆದು ಐದು ಸೆಂಟಿಮೀಟರ್ ದೂರದಿಂದ ನೋಡಿದರೂ ಅದೇ ಮಾತು. ಸ್ಪೀಕರ್ ತಾನೇ ಒಡೆಯುತ್ತಿದ್ದರೆ 430ರ ಎರಡು ಪಟ್ಟು 860, ಮೂರು ಪಟ್ಟು 1,290 ಎಂದು ಕೆಳಗಿನ ಗುಣಕಗಳು ಎದ್ದು ನಿಲ್ಲಬೇಕಿತ್ತು. ಇಲ್ಲಿ ಅವು ಮೋಟು, 3,000ದ ಮೇಲೆ ಹುಲ್ಲು ಬೆಳೆದ ಹಾಗೆ ಗಜಿಬಿಜಿ.

ಆಮೇಲಿನದು ಬೆರಳ ಕೆಲಸ. 440 ಹರ್ಟ್ಸ್ ಟೋನನ್ನು ನಿಲ್ಲದೆ ನುಡಿಸುತ್ತ ಹಿಂಬದಿ ಗ್ಲಾಸು, ಕ್ಯಾಮೆರಾ ರಿಂಗು, ಬಟನ್‌ಗಳು, ಅಂಚುಗಳನ್ನು ಒಂದೊಂದಾಗಿ ಒತ್ತುತ್ತ ಹೋದೆ. ಟ್ರೇಯ ಬಾಯಿಗೆ ಉಗುರು ತಾಗಿಸಿದ ಕ್ಷಣ ಸದ್ದು ಬಂದ್. ಎತ್ತಿಗೆ ಜ್ವರ, ಎಮ್ಮೆಗೆ ಬರೆ ಎಳೆಯಲು ಹೊರಟಿದ್ದೆವು! ಎರಡು ಸಿಮ್ಮಿನ ಟ್ರೇ, ಒಂದೇ ಸಿಮ್, ಖಾಲಿ ಕಡೆ ತೆಳುವಾದ ಚೌಕಟ್ಟು ಅಲ್ಲಾಡುತ್ತಿತ್ತು. ಟ್ರೇ ಪೂರ್ತಿ ಹೊರತೆಗೆದು ಟೋನ್ ಹಾಕಿದೆ, ಗಿರಗಿರ ಇಲ್ಲ.

ಅಲ್ಲಾಡುವ ಟ್ರೇಯನ್ನು ಬಿಗಿ ಮಾಡಲು ಅಂಟಿಸುವ ಪಟ್ಟಿಯಲ್ಲೂ ಮೂರು ಸಲ ಸೋತೆ. ಇನ್ಸುಲೇಶನ್ ಟೇಪ್ 0.13 ಮಿಲಿಮೀಟರ್ ದಪ್ಪ. ಟ್ರೇ ಒಳಗೇ ಸಿಕ್ಕಿಕೊಂಡಿತು, ಪಿನ್ ಒತ್ತಿಹಿಡಿದು ಸೂಜಿಯಿಂದ ಎಳೆಯಬೇಕಾಯಿತು. ಟೆಫ್ಲಾನ್ ಟೇಪ್ ಎರಡನೇ ಸಲ ತೂರಿಸುವಾಗ ನಾರುನಾರಾಯಿತು. ಸೆಲ್ಲೋಟೇಪ್ ಬಿಸಿಗೆ ಜರುಗಿ ಅಂಟು ಬಿಟ್ಟಿತು. ಕೊನೆಗೆ ನಿಂತದ್ದು ಬಿಸಿ ತಡೆಯುವ ಕಾಪ್ಟನ್ ಟೇಪ್: ದಪ್ಪ ಹೆಚ್ಚುಕಡಿಮೆ 0.05, ಅಗಲ ಎರಡು ಮಿಲಿಮೀಟರ್, ಉದ್ದ ಎಂಟೋ ಒಂಬತ್ತೋ. ಟ್ರೇಯ ಉದ್ದದ ಅಂಚಿಗೆ ಮಾತ್ರ. ಸಿಮ್ಮಿನ ಚಿನ್ನದ ಬಣ್ಣದ ಮುಖ ಬರುವ ಕಡೆ ಬೇಡ, ಬಾಯಿಯ ರಬ್ಬರ್ ರಿಂಗಿನ ಮೇಲಂತೂ ಬೇಡವೇ ಬೇಡ. ಅಷ್ಟು ಸಣ್ಣ ಪಟ್ಟಿಯನ್ನು ಗುಳ್ಳೆಯಿಲ್ಲದೆ ಕೂರಿಸುವ ನನ್ನ ಉಪಾಯ ಹೇಳುವುದಿಲ್ಲ, ಎರಡು ಪಟ್ಟಿ ಹಾಳಾದರೆ ನಿಮಗೇ ಹೊಳೆಯುತ್ತದೆ. ಪಿನ್ ಚುಚ್ಚುವ ಮುನ್ನ ತೂತು ಯಾವುದೆಂದು ಎರಡು ಸಲ ನೋಡಿ. ಮೈಕಿನ ತೂತಿಗೆ ಹಾಕಿದರೆ ಸದ್ದು ಹೋಗುವ ಬದಲು ಮಾತೇ ಹೋದೀತು.

ಗಿರಗಿರ ನಿಂತ ಮೇಲೆ ಅದರ ಹಿಂದೆ ಅಡಗಿದ್ದ ಇನ್ನೊಂದು ಕೇಳತೊಡಗಿತು: ಏನೂ ನುಡಿಯದಿದ್ದರೂ ಸುಯ್ ಅನ್ನುವ ಎಳೆ. ಇದು ಆಂಪ್‌ನದು. ಆಂಡ್ರಾಯ್ಡ್‌ನ ಆಡಿಯೋಫ್ಲಿಂಗರ್ (ಆ್ಯಪ್‌ಗಳ ಸದ್ದನ್ನು ಕಲಸಿ ಸ್ಪೀಕರಿಗೆ ಕಳಿಸುವ ಭಾಗ) ಸದ್ದು ಮುಗಿದ ಕೂಡಲೇ ಸ್ಟ್ಯಾಂಡ್‌ಬೈಗೆ ಹೋಗುವುದಿಲ್ಲ, ತಯಾರಕರು ಬದಲಿಸಿರದಿದ್ದರೆ ಮೂರು ಸೆಕೆಂಡ್ ಕಾಯುತ್ತದೆ. ಅಷ್ಟು ಹೊತ್ತು ಸುಯ್, ಆಮೇಲೆ ಟಿಕ್. ಕೀಬೋರ್ಡ್ ಸದ್ದು ಆನ್ ಇದ್ದರೆ ಟೈಪ್ ಮಾಡಿದಾಗಲೆಲ್ಲ ಇದೇ ಕಥೆ, ಇದು ದೋಷವಲ್ಲ. ನನ್ನದು ನಿಲ್ಲುತ್ತಲೇ ಇರಲಿಲ್ಲ, ಅದು ದೋಷ. ಕಂಪ್ಯೂಟರಿನಿಂದ ಫೋನಿಗೆ ಆದೇಶ ಕೊಡುವ ಎಡಿಬಿ ಶೆಲ್‌ನಲ್ಲಿ ಡಂಪ್‌ಸಿಸ್ ಎಂಬ ಆದೇಶ ಕೊಟ್ಟು ಆಡಿಯೋಫ್ಲಿಂಗರ್ ವರದಿ ತೆಗೆದರೆ ಸ್ಟ್ಯಾಂಡ್‌ಬೈ ಎದುರು ನೋ ಅಂತಲೇ ಇತ್ತು, ಕೆಳಗೆ ಒಂದು ಟ್ರ್ಯಾಕ್ ಇನ್ನೂ ಜೀವಂತ. ಹಿನ್ನೆಲೆಯಲ್ಲಿ ಬಿದ್ದಿದ್ದ ಆಟವೊಂದು ಮೌನವನ್ನೇ ನುಡಿಸುತ್ತಿತ್ತು. ಫೋರ್ಸ್ ಸ್ಟಾಪ್ ಒತ್ತಿದೆ, ಮೂರು ಎಣಿಸಿದೆ, ಟಿಕ್, ನಿಶ್ಶಬ್ದ. ಬ್ಯಾಟರಿ ಉಳಿದದ್ದು ಬೋನಸ್.

ನಡುವೆ ಕ್ಯಾಮೆರಾದ ಮೇಲೂ ಸಂಶಯ ಬಂದಿತ್ತು. ಓಐಎಸ್ (ಕೈ ನಡುಗಿದರೂ ಚಿತ್ರ ಕದಲದಂತೆ ಲೆನ್ಸನ್ನು ಸರಿಸುವ ವ್ಯವಸ್ಥೆ) ಇರುವ ಫೋನ್ ಅಲ್ಲಾಡಿಸಿದರೆ ಕಟಕಟ ಅನ್ನುವುದು ಒಳಗೆ ತೇಲುವ ಲೆನ್ಸಿನಿಂದ. ಕ್ಯಾಮೆರಾ ಆ್ಯಪ್ ತೆರೆದರೆ ಕಾಯಿಲ್‌ಗಳು ಲೆನ್ಸನ್ನು ಹಿಡಿದುಕೊಳ್ಳುತ್ತವೆ, ಕಟಕಟ ತಗ್ಗುತ್ತದೆ. ಆ್ಯಪ್ ತೆರೆದಿಟ್ಟು ಸ್ವೀಪ್ ಓಡಿಸಿದೆ, 440ರ ಗಿರಗಿರ ಕದಲಲಿಲ್ಲ. ಹಾಗಾಗಿ ಕ್ಯಾಮೆರಾಗೆ ಬಿಡುಗಡೆ. ಫೋನ್ ಓರೆ ಮಾಡಿದಾಗ ಮರಳು ಜಾರಿದ ಸದ್ದು ಬಂದರೆ ಮಾತ್ರ ಹುಷಾರು. ಕೆಲವು ಸ್ಪೀಕರ್ ಬಾಕ್ಸ್‌ಗಳ ಹಿಂಗೋಣೆಗೆ ಬಾಸ್ ಹೆಚ್ಚಲೆಂದು ಸಣ್ಣ ಕಾಳುಗಳನ್ನು ತುಂಬಿರುತ್ತಾರೆ. ಅವು ಸೋರಿ ಡಯಾಫ್ರಾಮ್ ಕಡೆ ಬಂದಿದ್ದರೆ ಯಾವ ಟೇಪೂ ನಡೆಯದು, ಬಾಕ್ಸೇ ಬದಲಾಗಬೇಕು, ಅದೂ ವಾರಂಟಿಯಲ್ಲೇ.

ಈಗ ವಾಲ್ಯೂಮ್ 90 ಪರ್ಸೆಂಟಿನವರೆಗೆ ಸ್ವೀಪ್ ನಯವಾಗಿ ಹೋಗುತ್ತದೆ. ಅದರಾಚೆ ಹಿಂಬದಿ ಗ್ಲಾಸು ಅಂಗೈಗೆ ಜುಮ್ಮೆನ್ನುತ್ತದೆ, ಅದಕ್ಕೆ ನಾನು ಕೈ ಹಾಕಿಲ್ಲ. ಕವರ್ ಹರಿಯದ ಸ್ಪೀಕರ್ ಬಾಕ್ಸ್ ಡ್ರಾಯರ್‌ನಲ್ಲಿದೆ.