ಹಳೇ ಜೀಪಿನ ಗೇರ್‌ಬಾಕ್ಸ್: ಮೊದಲು ಬಿಚ್ಚಿ, ಅಳೆಯಿರಿ, ಆಮೇಲೆ ಅಂಗಡಿಗೆ ಹೋಗಿ

ಎರಡನೇ ಗೇರಿನಲ್ಲಿ ಇಳಿಜಾರು ಇಳಿಯುವಾಗ ಗೇರ್ ತಾನಾಗಿಯೇ ನ್ಯೂಟ್ರಲ್‌ಗೆ ಹಾರಿದರೆ ಎಂಜಿನ್ನಿನ ಹಿಡಿತ ತಪ್ಪಿ, ಗಾಡಿಯ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಮಲೆನಾಡಿನ ತೋಟದ ದಾರಿಯಲ್ಲಿ ಇದು ಸಣ್ಣ ಸಂಗತಿಯಲ್ಲ. ಆದರೂ ಗೇರ್ ಲಿವರಿಗೆ ರಬ್ಬರ್ ಟ್ಯೂಬು ಕಟ್ಟಿಕೊಂಡು ಓಡಿಸುವವರನ್ನು ಸಾಕಷ್ಟು ನೋಡಿದ್ದೇನೆ. ಸಾಮಾನು ಸಿಗುವುದಿಲ್ಲ ಎನ್ನುವುದು ಅವರ ಉತ್ತರ. ಸಾಮಾನು ಸಿಗುತ್ತದೆ. ಒಳ್ಳೆಯದನ್ನು ಗುರುತಿಸಿ ತರುವುದೇ ಕೆಲಸ.

ಇಲ್ಲಿ ಹೇಳುತ್ತಿರುವುದು ಮಹೀಂದ್ರದ ಹಳೇ ಪೆಟ್ರೋಲ್ ಜೀಪುಗಳ, ಮುಖ್ಯವಾಗಿ ಸಿಜೆ-3ಬಿ ಮಾದರಿಯ ಬಗ್ಗೆ. ಅಮೆರಿಕದ ವಿಲ್ಲಿಸ್ ಕಂಪನಿ 1953ರಲ್ಲಿ ತಂದ ಈ ಮಾದರಿ ಅಲ್ಲಿ ನಿಂತು ಎಷ್ಟೋ ವರ್ಷಗಳಾದ ಮೇಲೂ ನಮ್ಮಲ್ಲಿ ತಯಾರಾಗುತ್ತಿತ್ತು. ಇದರಲ್ಲಿರುವುದು ಟಿ-90 ಎಂಬ ಮೂರು ಗೇರಿನ ಪೆಟ್ಟಿಗೆ. ಅದರ ಬೆನ್ನಿಗೆ, ಹಿಂದಿನ-ಮುಂದಿನ ಚಕ್ರಗಳಿಗೆ ಶಕ್ತಿ ಹಂಚುವ ಡಾನಾ-18 ಟ್ರಾನ್ಸ್‌ಫರ್ ಕೇಸ್. ಎಂಎಂ 540ಯಂಥ ಡೀಸೆಲ್ ಜೀಪುಗಳ ನಾಲ್ಕು ಗೇರಿನ ಪೆಟ್ಟಿಗೆಯ ಸಾಮಾನು ಬೇರೆ. ಆದರೆ ಪರೀಕ್ಷಿಸುವ ಕ್ರಮ ಹೆಚ್ಚುಕಡಿಮೆ ಇದೇ.

ಬಿಚ್ಚುವ ಮೊದಲು

ಗೇರ್ ಹಾರುತ್ತದೆ ಎಂದ ಕೂಡಲೇ ಹಲ್ಲು ಹೋಗಿದೆ ಎಂದುಕೊಳ್ಳಬೇಡಿ. ಎಂಜಿನ್ನಿಗೂ ಪೆಟ್ಟಿಗೆಗೂ ನಡುವಿನ ಬೆಲ್ ಹೌಸಿಂಗಿನ ಬೋಲ್ಟುಗಳು ಸಡಿಲವಾಗಿದ್ದರೂ, ಪೆಟ್ಟಿಗೆ ಕೂತಿರುವ ರಬ್ಬರ್ ಮೌಂಟಿಂಗ್ ಹರಿದಿದ್ದರೂ ಗೇರ್ ಹಾರುತ್ತದೆ. ಮೇಲಿನ ಮುಚ್ಚಳದೊಳಗೆ ಗೇರ್ ಫೋರ್ಕಿನ ಸರಳನ್ನು ಒತ್ತಿ ಹಿಡಿಯುವ ಪುಟ್ಟ ಗುಂಡು, ಸ್ಪ್ರಿಂಗುಗಳಿವೆ. ಸ್ಪ್ರಿಂಗ್ ಸೋತರೂ ಅದೇ ಕತೆ. ಇವೆಲ್ಲ ಕಡಿಮೆ ಖರ್ಚಿನ ರಿಪೇರಿ. ಇವನ್ನೇ ಮೊದಲು ನೋಡಿ.

ಒಂದನೇ ಗೇರ್ ಹಾಕುವಾಗ ಕರಕರ ಸದ್ದು ಬಂದರೆ ಗಾಬರಿ ಬೇಡ. ಟಿ-90ಯಲ್ಲಿ ಎರಡು ಮತ್ತು ಮೂರನೇ ಗೇರಿಗೆ ಮಾತ್ರ ಸಿಂಕ್ರೊ, ಅಂದರೆ ಗೇರ್ ಬೀಳುವ ಮೊದಲು ವೇಗ ಹೊಂದಿಸುವ ವ್ಯವಸ್ಥೆ, ಇದೆ. ಒಂದನೆಯದನ್ನು ಗಾಡಿ ಪೂರ್ತಿ ನಿಂತ ಮೇಲೆಯೇ ಹಾಕಬೇಕು. ನಿಂತ ಮೇಲೂ ಕರಕರ ಎಂದರೆ ಕ್ಲಚ್ ಪೂರ್ತಿ ಬಿಡುತ್ತಿದೆಯೇ ನೋಡಿ.

ಎರಡೂ ಪೆಟ್ಟಿಗೆಗಳ ಲೆವೆಲ್ ಪ್ಲಗ್ ತೆಗೆದು ಆಯಿಲ್ ನೋಡಿ. ಒಂದರಲ್ಲಿ ತುಂಬಿ ಹರಿಯುತ್ತ ಇನ್ನೊಂದು ಬತ್ತಿದ್ದರೆ ನಡುವಿನ ಸೀಲ್ ಮೇಲೆ ಗಮನವಿಡಿ.

ಇಳಿಸುವುದು

ಗಾಡಿಯನ್ನು ಬರೀ ಜಾಕಿಯ ಮೇಲೆ ನಿಲ್ಲಿಸಿ ಕೆಳಗೆ ನುಗ್ಗಬೇಡಿ, ಗಟ್ಟಿ ಸ್ಟ್ಯಾಂಡ್ ಬೇಕೇ ಬೇಕು. ಆಯಿಲ್ ಇಳಿಸಿ, ಚಕ್ರಗಳ ಕಡೆಗೆ ಹೋಗುವ ಎರಡೂ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ, ಗೇರ್‌ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸನ್ನು ಒಟ್ಟಿಗೇ ಕೆಳಗಿಳಿಸಿ. ಒಬ್ಬರ ಕೈಲಾಗುವ ಭಾರ ಅಲ್ಲ. ಎರಡನ್ನೂ ಬೇರ್ಪಡಿಸಲು ಟ್ರಾನ್ಸ್‌ಫರ್ ಕೇಸಿನ ಹಿಂದಿನ ಮುಚ್ಚಳ ತೆಗೆದು, ಮೇನ್ ಶಾಫ್ಟಿನ ತುದಿಯ ನಟ್ಟು ಮತ್ತು ಗೇರನ್ನು ಮೊದಲು ಕಳಚಬೇಕು. ಇದು ಗೊತ್ತಿಲ್ಲದೆ ಸುತ್ತಿಗೆಯಲ್ಲಿ ಹೊಡೆದು ಕೇಸಿನ ಕಿವಿ ಮುರಿದುಕೊಂಡವರಿದ್ದಾರೆ.

ಪೆಟ್ಟಿಗೆಯ ತಳದಲ್ಲಿರುವ ಗೇರ್ ಗೊಂಚಲಿನೊಳಗೆ ಸೂಜಿಯಂಥ ಬಿಡಿ ರೋಲರುಗಳಿವೆ. ಶಾಫ್ಟ್ ಹೊರಬಂದ ಕೂಡಲೇ ಅವು ಚೆಲ್ಲಾಪಿಲ್ಲಿಯಾಗುತ್ತವೆ. ಶಾಫ್ಟಿನದೇ ದಪ್ಪದ, ಆದರೆ ಗೊಂಚಲಿನಷ್ಟೇ ಉದ್ದದ ಡಮ್ಮಿ ಸರಳೊಂದನ್ನು ಲೇಥಿನಲ್ಲಿ ಮಾಡಿಸಿಟ್ಟುಕೊಂಡು ಅದರಿಂದಲೇ ಹಳೇ ಶಾಫ್ಟನ್ನು ತಳ್ಳಿದರೆ ರೋಲರುಗಳು ಜಾಗದಲ್ಲೇ ಕೂತಿರುತ್ತವೆ. ಜೋಡಿಸುವಾಗಲೂ ಇದೇ ಸರಳು ಬೇಕಾಗುತ್ತದೆ.

ಯಾವುದನ್ನು ಉಳಿಸಬೇಕು

ಸೀಮೆಎಣ್ಣೆ ಇಲ್ಲವೇ ಡೀಸೆಲ್‌ನಲ್ಲಿ ತೊಳೆದು, ಎಲ್ಲವನ್ನೂ ಬಿಳಿ ಬಟ್ಟೆಯ ಮೇಲೆ ಬಿಚ್ಚಿದ ಸಾಲಿನಲ್ಲೇ ಜೋಡಿಸಿ. ಅಂಗಡಿಯವರು ‘ಪೂರ್ತಿ ಸೆಟ್ ಹಾಕಿಬಿಡಿ’ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಹಲ್ಲಿನ ಮೈ ನುಣುಪಾಗಿ ಎಲ್ಲ ಕಡೆ ಒಂದೇ ಹೊಳಪಿದ್ದರೆ ಆ ಹಳೇ ಗೇರು ಇಂದು ಸಿಗುವ ಎಷ್ಟೋ ಹೊಸ ಗೇರುಗಳಿಗಿಂತ ಮೇಲು. ಬೇರಿಂಗ್, ಸೀಲ್, ಪ್ಯಾಕಿಂಗ್, ಸ್ಪ್ರಿಂಗುಗಳನ್ನು ಯೋಚಿಸದೆ ಬದಲಿಸಿ. ಗೇರನ್ನು ಮಾತ್ರ ಯೋಚಿಸಿ ಬದಲಿಸಿ.

ಹಲ್ಲಿನ ಮೈಯಲ್ಲಿ ಸಿಡುಬಿನ ಕಲೆಯಂಥ ಗುಂಡಿಗಳಿದ್ದರೆ ಮೇಲಿನ ಗಡಸು ಪದರ ಹೋಗಿದೆ ಎಂದರ್ಥ. ಅಂಥ ಗೇರನ್ನು ಅದರ ಜೊತೆ ಕಚ್ಚುವ ಗೇರಿನ ಸಮೇತ ಬದಲಿಸಬೇಕು. ಸವೆದ ಹಲ್ಲಿಗೆ ಹೊಸ ಹಲ್ಲು ಕಚ್ಚಿಸಿದರೆ ಹೊಸದೂ ಬೇಗ ಸವೆಯುತ್ತದೆ. ಸಿಂಕ್ರೊದ ಹಿತ್ತಾಳೆ ರಿಂಗನ್ನು ಅದು ಕೂರುವ ಗೇರಿನ ಕೋನಿಗೆ (ಶಂಕುವಿನಾಕಾರದ ಮೈಗೆ) ಒತ್ತಿ ತಿರುಗಿಸಿ. ಕಚ್ಚಿ ಹಿಡಿಯಬೇಕು. ಜಾರಿದರೆ ರಿಂಗ್ ಮುಗಿದಿದೆ.

ಟ್ರಾನ್ಸ್‌ಫರ್ ಕೇಸಿನಲ್ಲಿ ಅತಿ ಹೆಚ್ಚು ನೋಯುವುದು ನಡುವಿನ ಗೇರಿನ ಶಾಫ್ಟ್. ಡಾನಾ-18ರಲ್ಲಿ ಎರಡೇ ಚಕ್ರಕ್ಕೆ ಹಾಕಿ ಟಾರು ರಸ್ತೆಯಲ್ಲಿ ಓಡಿಸಿದರೂ ಶಕ್ತಿ ಈ ನಡುವಿನ ಗೇರಿನ ಮೂಲಕವೇ ಹೋಗಬೇಕು, ಅದಕ್ಕೆ ಬಿಡುವೇ ಇಲ್ಲ. ಉಗುರಿಗೆ ತಡೆಯುವಷ್ಟು ಗೀರು ಶಾಫ್ಟಿನ ಮೇಲಿದ್ದರೆ ಶಾಫ್ಟ್, ಸೂಜಿ ಬೇರಿಂಗ್, ತ್ರಸ್ಟ್ ವಾಷರ್ ಮೂರನ್ನೂ ಹೊಸದು ಹಾಕಿ. ಈ ಶಾಫ್ಟ್ ಒಂದಕ್ಕಿಂತ ಹೆಚ್ಚು ದಪ್ಪಗಳಲ್ಲಿ ಬಂದಿದೆ. ವರ್ನಿಯರ್‌ನಲ್ಲಿ ಅಳೆದು ಬರೆದುಕೊಳ್ಳದೆ ಪೇಟೆಗೆ ಹೊರಡಬೇಡಿ.

ಅಂಗಡಿಯಲ್ಲಿ

ಗಾಡಿ ಸಾಮಾನಿನ ಪೇಟೆ ಎಂದರೆ ಬೆಂಗಳೂರಿನಲ್ಲಿ ಜೆ.ಸಿ. ರಸ್ತೆ, ದೆಹಲಿಯಲ್ಲಿ ಕಾಶ್ಮೀರಿ ಗೇಟ್. ಎಲ್ಲಿಗೆ ಹೋದರೂ ಹಳೇ ಸಾಮಾನು ಚೀಲದಲ್ಲಿರಲಿ. ಹೊಸದನ್ನು ಪಕ್ಕದಲ್ಲಿಟ್ಟು ಹಲ್ಲು ಎಣಿಸಿ, ಅಗಲ ಅಳೆಯಿರಿ, ಶಾಫ್ಟಿಗೆ ಕಚ್ಚುವ ಒಳಗಿನ ಸ್ಪ್ಲೈನ್ ಗೀರುಗಳನ್ನೂ ಎಣಿಸಿ. ಹಲ್ಲಿನ ಅಂಚಿನಲ್ಲಿ ಕೈಗೆ ಚುಚ್ಚುವ ಮುಳ್ಳು ಉಳಿದಿದ್ದರೆ ಮಾಡಿದವರು ಅವಸರದಲ್ಲಿ ಮಾಡಿದ್ದಾರೆ, ಬಿಡಿ.

ಗಡಸು ನೋಡಲು ಸಣ್ಣದೊಂದು ಹೊಸ ಅರ ಒಯ್ಯಿರಿ. ಅಂಗಡಿಯವರನ್ನು ಕೇಳಿ, ಹಲ್ಲಿನ ಬದಿಯ ಮೂಲೆಯಲ್ಲಿ ಮೆಲ್ಲಗೆ ಉಜ್ಜಿ. ಗಡಸು ಹಾಯಿಸಿದ ಉಕ್ಕಿನ ಮೇಲೆ ಅರ ಜಾರುತ್ತದೆ. ಕಚ್ಚಿ ಪುಡಿ ಉದುರಿದರೆ ಅದು ಮೆದು. ಈ ಪರೀಕ್ಷೆ ಮಾಡದೆ ಒಮ್ಮೆ ಎರಡನೇ ಗೇರ್ ತಂದಿದ್ದೆ. ಒಂದೇ ಮಳೆಗಾಲಕ್ಕೆ ಹಲ್ಲುಗಳು ಮೊಂಡಾದವು. ಗೇರಿನ ದುಡ್ಡಿಗಿಂತ ಇಡೀ ಪೆಟ್ಟಿಗೆಯನ್ನು ಮತ್ತೆ ಇಳಿಸಬೇಕಾಗಿ ಬಂದದ್ದೇ ಹೆಚ್ಚು ನೋವಾಯಿತು. ಸಿಂಕ್ರೊ ರಿಂಗಿಗೆ ಅಯಸ್ಕಾಂತ ಹಿಡಿಯಿರಿ, ಅಂಟಬಾರದು. ಬೇರಿಂಗಿನ ಮೇಲಿನ ನಂಬರು ಓದಿಕೊಂಡು ಹೆಸರಾಂತ ಕಂಪನಿಯ ಅಧಿಕೃತ ಡೀಲರ್ ಹತ್ತಿರವೇ, ಬಿಲ್ ಸಮೇತ ಕೊಳ್ಳಿ. ಬೇರಿಂಗಿನಲ್ಲಿ ನಕಲಿ ಬಹಳ.

ಹೊಸ ಲೋಕಲ್ ಮಾಲಿಗೆ ಮನಸ್ಸು ಒಪ್ಪದಿದ್ದರೆ ಗುಜರಿಯಲ್ಲಿ ಸಿಗುವ ಒರಿಜಿನಲ್ ಪೆಟ್ಟಿಗೆಯೊಂದನ್ನು ಕೊಂಡು ಅದರಿಂದ ಒಳ್ಳೆಯ ಗೇರುಗಳನ್ನು ಆರಿಸಿಕೊಳ್ಳಿ. ನನ್ನ ಮೊದಲ ಆಯ್ಕೆ ಇದೇ.

ಜೋಡಣೆ

ರೋಲರುಗಳನ್ನು ಗ್ರೀಸಿನಲ್ಲಿ ಅಂಟಿಸಿ, ಡಮ್ಮಿ ಸರಳಿನ ಸುತ್ತ ಕೂರಿಸಿ. ಗೊಂಚಲು ಕೂತ ಮೇಲೆ ಅದರ ಹಿಂದುಮುಂದಿನ ಆಟವನ್ನು, ಸಂದಿ ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜ್‌ನಲ್ಲಿ ಅಳೆಯಿರಿ. ಟಿ-90ಗೆ ಇದು 0.012ರಿಂದ 0.018 ಇಂಚಿನೊಳಗಿರಬೇಕು. ಹೆಚ್ಚಿದ್ದರೆ ದಪ್ಪದ ವಾಷರ್ ಹಾಕಿ. ಮುಚ್ಚಳ ಹಾಕುವ ಮೊದಲು ಕೈಯಲ್ಲೇ ತಿರುಗಿಸಿ, ಒಂದೊಂದು ಗೇರೂ ಬೀಳುವುದನ್ನು ಕಣ್ಣಾರೆ ನೋಡಿ.

ಆಯಿಲ್ ವಿಚಾರದಲ್ಲಿ ‘ಗಟ್ಟಿ ಇದ್ದಷ್ಟೂ ಒಳ್ಳೆಯದು’ ಎಂಬ ಮಾತು ಕೇಳಬೇಡಿ. ಜಿಎಲ್-4 ದರ್ಜೆಯ, 90 ಮಂದತೆಯ ಗೇರ್ ಆಯಿಲ್ ಸಾಕು, ಒಂದೊಂದು ಪೆಟ್ಟಿಗೆಗೆ ಸುಮಾರು ಒಂದೂವರೆ ಲೀಟರ್. ಡಿಫರೆನ್ಷಿಯಲ್‌ಗೆ ಹಾಕುವ ಜಿಎಲ್-5 ಆಯಿಲ್‌ನಲ್ಲಿರುವ ಗಂಧಕದ ಅಂಶ ಹಿತ್ತಾಳೆ ರಿಂಗನ್ನು ತಿನ್ನಬಲ್ಲದು.

ಮೊದಲ 500 ಕಿಲೋಮೀಟರ್ ಭಾರ ಹೇರದೆ ಓಡಿಸಿ, ಆಯಿಲ್ ಬಿಸಿ ಇರುವಾಗಲೇ ಇಳಿಸಿ ಬಟ್ಟೆಯಲ್ಲಿ ಸೋಸಿ. ಹಿತ್ತಾಳೆಯ ಸಣ್ಣ ಪುಡಿ ಹೊಳೆದರೆ ಹೊಸ ರಿಂಗು ಕೋನಿಗೆ ಹೊಂದಿಕೊಳ್ಳುತ್ತಿದೆ ಅಷ್ಟೆ. ಉಕ್ಕಿನ ಚೂರು ಸಿಕ್ಕಿದರೆ ಮತ್ತೆ ಆಯಿಲ್ ತುಂಬಬೇಡಿ, ಮುಚ್ಚಳ ತೆಗೆಯಿರಿ.