ಗೊರಕೆ ಹೊಡೆಯುವ ಗುಡಿ: ಊರೂರಿನ ಪ್ರಾಣಿ ಕಥೆಗಳನ್ನು ನಾನು ಕೂಡಿಸಿದ ಬಗೆ

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಒಂದು ಕಲ್ಲಿದೆ. ಮೈತುಂಬ ಹಳಗನ್ನಡದ ಅಕ್ಷರ, ಜೊತೆಗೆ ಕಾಡುಹಂದಿಯ ಮೇಲೆ ಎರಗಿದ ನಾಯಿಯ ಕೆತ್ತನೆ. ಮದ್ದೂರು ತಾಲ್ಲೂಕಿನ ಆತಕೂರಿನಿಂದ, ಅಂದರೆ ಈಗಿನ ಆತಗೂರಿನಿಂದ ಅಲ್ಲಿಗೆ ಹೋದ ಕಲ್ಲು ಅದು. ನಾನೂ ಆ ಸೀಮೆಯವನೇ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತಿದ್ದಷ್ಟು ವರ್ಷವೂ ತಕ್ಕೋಲದ ಯುದ್ಧ ಬಂದಾಗಲೆಲ್ಲ ಮಕ್ಕಳಿಗೆ ಈ ಕಲ್ಲಿನ ಕಥೆ ಹೇಳಿಯೇ ಮುಂದೆ ಹೋಗುತ್ತಿದ್ದೆ.

ಶಕ 872, ಸೌಮ್ಯ ಸಂವತ್ಸರ. ನಮ್ಮ ಲೆಕ್ಕದಲ್ಲಿ ಕ್ರಿ.ಶ. 949-50. ರಾಷ್ಟ್ರಕೂಟ ಮೂರನೇ ಕೃಷ್ಣನ ಪರವಾಗಿ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ತಕ್ಕೋಲದಲ್ಲಿ ಕೊಂದ. ಆ ಕಾಳಗದಲ್ಲಿ ಎದೆಗೊಟ್ಟು ನಿಂತವನು ಬೂತುಗನ ಕಡೆಯ ವೀರ ಮಣಲೇರ. ಏನು ಬೇಕೋ ಬೇಡಿಕೊ ಎಂದಾಗ ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆಮೇಲೆ ಕೆಳಲೆ ನಾಡಿನ ಬೆಳತೂರಿನ ಪಡುವಣ ದಿಕ್ಕಿನ ಮೊರಡಿಯಲ್ಲಿ ದೊಡ್ಡ ಹಂದಿಯೊಂದರ ಮೇಲೆ ಅದನ್ನು ಬಿಟ್ಟ. 'ಪಂದಿಯುಂ ನಾಯುಂ ಒಡಸತ್ತುವು' ಎನ್ನುತ್ತದೆ ಶಾಸನ. ಹಂದಿಯೂ ನಾಯಿಯೂ ಒಟ್ಟಿಗೇ ಸತ್ತವು. ಗೆದ್ದದ್ದು ಯಾರು, ಸೋತದ್ದು ಯಾರು ಎಂಬ ಮಾತೇ ಅಲ್ಲಿಲ್ಲ. ಎರಡಕ್ಕೂ ಸೇರಿ ಒಂದೇ ಕ್ರಿಯಾಪದ. ನಾಯಿಯ ನೆನಪಿಗೆ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಂತಿತು, ಅದರ ಪೂಜೆಗೆ ಎರಡು ಖಂಡುಗ ಮಣ್ಣು, ಅಂದರೆ ಭೂಮಿ, ಬಿಟ್ಟರು. ಪೂಜಿಸದೆ ಉಂಡ ಗೊರವನಿಗೆ, ಅಂದರೆ ಗುಡಿಯ ಶೈವ ಪೂಜಾರಿಗೆ, ಪಾಪ ಸುತ್ತಿಕೊಳ್ಳುತ್ತದೆ ಎಂಬ ಎಚ್ಚರಿಕೆಯನ್ನೂ ಕೆತ್ತಿಸಿದರು.

ಒಂದು ದಿನ ಪಾಠ ಮುಗಿದ ಮೇಲೆ ಹುಡುಗಿಯೊಬ್ಬಳು ಎದ್ದು ನಿಂತು, 'ಸಾರ್, ಕಲ್ಲು ಇಲ್ಲದಿದ್ದರೆ ಇದನ್ನು ಕಟ್ಟುಕಥೆ ಅಂತಿದ್ರಿ ಅಲ್ವಾ?' ಎಂದಳು. ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಆ ವರ್ಷದ ಬೇಸಿಗೆ ರಜೆಯಿಂದಲೇ ನೋಟ್‌ಬುಕ್ಕು ಹಿಡಿದು ಊರೂರು ಸುತ್ತತೊಡಗಿದೆ. ಕಲ್ಲಿಗೆ ಹತ್ತದ, ಬಾಯಲ್ಲೇ ಉಳಿದ ಪ್ರಾಣಿ ಕಥೆಗಳು ನನಗೆ ಬೇಕಾಗಿದ್ದವು.

ಮೊದಲ ಎರಡು ವರ್ಷ ಬರೆದುಕೊಂಡದ್ದರಲ್ಲಿ ಹೆಚ್ಚಿನದು ಈಗ ಕೆಲಸಕ್ಕೆ ಬಾರದು. ಕಥೆ ಹೇಳಿದವರು ಪ್ರಾಣಿಗೆ ಏನು ಹೆಸರು ಹೇಳಿದರೋ ಅದನ್ನೇ ನಂಬಿ ಬರೆದಿದ್ದೆ, ತಪ್ಪು ಆದದ್ದು ಅಲ್ಲಿ. ನಮ್ಮ ಕಡೆ ಹಳಬರು ಕಿರುಬ ಎಂದರೆ ಅದು ಚಿರತೆಯೂ ಆಗಬಹುದು, ಕತ್ತೆಕಿರುಬವೂ ಆಗಬಹುದು. ಹಟ್ಟಿಗೆ ನುಗ್ಗಿ ಕರುವನ್ನು ಹೊತ್ತೊಯ್ದದ್ದು ಯಾವುದು? ಮಸಣದ ಹತ್ತಿರ ಮೂಳೆ ಕಡಿಯುತ್ತಿದ್ದದ್ದು ಯಾವುದು? ನನ್ನ ಪುಸ್ತಕದಲ್ಲಿ ಎರಡೂ 'ಕಿರುಬ' ಎಂದಷ್ಟೇ ಇದ್ದವು. ಹೇಳಿದವರಲ್ಲಿ ಇಬ್ಬರು ಆಗಲೇ ತೀರಿಕೊಂಡಿದ್ದರು, ಮತ್ತೆ ಕೇಳೋಣವೆಂದರೆ ಯಾರನ್ನು ಕೇಳುವುದು?

ಕೊಡಗಿನಲ್ಲಿ ಆದದ್ದು ಇನ್ನೂ ದೊಡ್ಡ ಎಡವಟ್ಟು. ಪರಿಚಯದವರ ಮನೆಯಲ್ಲಿ ಹಿರಿಯರೊಬ್ಬರು ತಮ್ಮ ಅಜ್ಜನ ಕಾಲದ 'ನರಿ ಮಂಗಲ'ದ ಬಗ್ಗೆ ಹೇಳಿದರು. ಬೇಟೆಗಾರನನ್ನು ಮದುವೆ ಗಂಡಿನಂತೆ ಸಿಂಗರಿಸಿ ಕೂರಿಸುತ್ತಿದ್ದರಂತೆ, ಊರಿನವರೆಲ್ಲ ಬಂದು ಮರ್ಯಾದೆ ಮಾಡುತ್ತಿದ್ದರಂತೆ. ನರಿ ಹೊಡೆದವನಿಗೆ ಇಷ್ಟೊಂದು ಸಡಗರವೇ ಎಂದುಕೊಂಡೆ. ಬಿಸಿಲು ಮಳೆ ಒಟ್ಟಿಗೆ ಬಂದರೆ ನರಿ ಮದುವೆ ಎನ್ನುತ್ತಾರಲ್ಲ, ಅದಕ್ಕೂ ಇದಕ್ಕೂ ನಂಟಿದೆ ಎಂದು ನಾಲ್ಕು ಪುಟ ಬರೆದು ಗೆಳೆಯರ ಕೂಟದಲ್ಲಿ ಓದಿಯೂ ಬಿಟ್ಟೆ. ಕೊಡವ ತಕ್ಕ್‌ನಲ್ಲಿ, ಅಂದರೆ ಕೊಡವರ ಮಾತಿನಲ್ಲಿ, ನರಿ ಎಂದರೆ ಹುಲಿ! ಹುಲಿಯನ್ನು ಕೊಂದ ವೀರನಿಗೆ ಮಾಡುತ್ತಿದ್ದ ಮಂಗಲ ಅದು. ಅಲ್ಲೇ ಕೂತಿದ್ದ ಕೊಡಗಿನ ಹೆಣ್ಣುಮಗಳು ಇದನ್ನು ಮೆಲ್ಲಗೆ ತಿಳಿಸಿಹೇಳಿದರು. ಆ ನಾಲ್ಕು ಪುಟ ಹರಿದು ಹಾಕಿದೆ. ತುಳುವಿನಲ್ಲಿ ಹುಲಿ 'ಪಿಲಿ' ಆಗುವುದನ್ನು ಯಾರಾದರೂ ಊಹಿಸಿಯಾರು, ಆದರೆ ನರಿಯೆಂಬ ನಮ್ಮದೇ ಮಾತು ಘಟ್ಟದ ಅಂಚಿನಲ್ಲಿ ಹುಲಿಯಾಗಿ ನಿಂತಿರುತ್ತದೆ ಎಂಬುದು ಕೇಳದೆ ಗೊತ್ತಾಗುವ ಸಂಗತಿಯಲ್ಲ.

ಅಂದಿನಿಂದ ಪ್ರತಿ ಕಥೆಗೂ ಪುಟದಲ್ಲಿ ಮೂರು ಕಡೆ ಜಾಗ ಬಿಡುತ್ತೇನೆ: ಕಂಡದ್ದು, ಕೇಳಿದ್ದು, ಕರೆದದ್ದು. ಕಣ್ಣಿಗೆ ಬಿದ್ದದ್ದು ಒಂದು ಕಡೆ, ಕಿವಿಗೆ ಬಿದ್ದದ್ದು ಒಂದು ಕಡೆ. ಹೆಸರನ್ನು ಕೊನೆಗೆ ಕೇಳುವುದು. ಹೆಸರು ಮೊದಲು ಬಂದರೆ ಹೇಳುವವರ ಕಣ್ಣೂ ಆ ಹೆಸರಿನ ಹಿಂದೆ ಹೋಗಿಬಿಡುತ್ತದೆ. 'ಎರಡು ತಲೆ ಹಾವು ಕಂಡೆ' ಎಂದವರನ್ನು 'ಹಿಂದಿನ ತಲೆ ಬಾಯಿ ತೆರೆಯಿತಾ?' ಎಂದು ಕೇಳಿದರೆ ಅರೆಗಳಿಗೆ ಸುಮ್ಮನಾಗುತ್ತಾರೆ. ಆರು ತಿಂಗಳು ಈ ಕಡೆ, ಆರು ತಿಂಗಳು ಆ ಕಡೆ ನಡೆಯುತ್ತದೆ ಎನ್ನುವ ಆ ಹಾವು ಮಣ್ಣುಮುಕ್ಕ. ಬಾಲ ಮೊಂಡಾಗಿದೆ. ಹೆದರಿದರೆ ತಲೆಯನ್ನು ಸುರುಳಿಯ ಅಡಿಗೆ ಸೇರಿಸಿ ಬಾಲ ಎತ್ತುತ್ತದೆ. ನೋಡಿದವರು ಸುಳ್ಳು ಹೇಳಿಲ್ಲ. ಆದರೆ ಈ ಕಥೆಯನ್ನು ಯಾವ ಊರಿನಲ್ಲಿ, ಯಾವ ಹೊಲದಲ್ಲಿ ಕೇಳಿದೆ ಎಂಬುದನ್ನು ನಾನು ಎಲ್ಲೂ ಬರೆಯುವುದಿಲ್ಲ. ಅದೃಷ್ಟ ತರುತ್ತದೆಂದು ಲಕ್ಷಗಟ್ಟಲೆ ಬೆಲೆ ಕಟ್ಟಿ ಆ ಬಡಪಾಯಿಯನ್ನು ಹಿಡಿದು ಮಾರುವವರಿದ್ದಾರೆ. ಕಥೆ ಉಳಿಸಲು ಹೋಗಿ ಹಾವನ್ನು ಕೊಡಬಾರದು.

ಕಾಲ ಗೊತ್ತುಮಾಡುವುದು ಇನ್ನೊಂದು ಕಷ್ಟ. ಹಳಬರು ಇಸವಿ ಹೇಳುವುದಿಲ್ಲ, ಸಂವತ್ಸರ ಹೇಳುತ್ತಾರೆ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತದೆ. 'ಧಾತು ವರ್ಷದಲ್ಲಿ ತೋಳ ಊರೊಳಗೇ ಬಂದಿತ್ತು' ಎಂದರೆ 1876 ಇರಬಹುದು, 1936 ಇರಬಹುದು. ಆಗ ಬರ ಇತ್ತಾ, ಕೆರೆ ತುಂಬಿತ್ತಾ, ಊರಲ್ಲಿ ಯಾರು ಯಜಮಾನರು, ಕನ್ನಂಬಾಡಿ ಕಟ್ಟೆ ಕಟ್ಟಿತ್ತಾ ಎಂದು ಒಂದೊಂದಾಗಿ ಕೇಳುತ್ತಾ ಹೋಗಬೇಕು. ಜನ ಗಂಜಿಗೂ ಗತಿಯಿಲ್ಲದೆ ಸತ್ತರು ಎಂಬ ಮಾತು ಬಂದರೆ ಅದು ಮೊದಲನೆಯ ಧಾತು, 1876ರ ದೊಡ್ಡ ಬರ.

ಅನಂತಪುರಕ್ಕೆ ಹೋದದ್ದೂ ಇದೇ ಹುಚ್ಚಿನಲ್ಲಿ. ಕಾಸರಗೋಡು ಜಿಲ್ಲೆಯ ಕುಂಬಳೆಯ ಹತ್ತಿರ ಕೆರೆಯ ನಡುವಿನ ಗುಡಿ ಅದು. ಆ ಕೆರೆಯಲ್ಲಿ ಬಬಿಯಾ ಎಂಬ ಮೊಸಳೆಯಿತ್ತು, ದೇವರ ನೈವೇದ್ಯದ ಅನ್ನವೇ ಅದರ ಊಟವಾಗಿತ್ತು. 1945ರಲ್ಲಿ ಬ್ರಿಟಿಷ್ ಸಿಪಾಯಿಯೊಬ್ಬ ಆಗಿದ್ದ ಮೊಸಳೆಗೆ ಗುಂಡು ಹೊಡೆದನಂತೆ, ಅವನು ಹಾವು ಕಚ್ಚಿ ಸತ್ತನಂತೆ, ಕೆಲವೇ ದಿನದಲ್ಲಿ ಕೆರೆಯಲ್ಲಿ ಇನ್ನೊಂದು ಮೊಸಳೆ ಕಂಡಿತಂತೆ. ನಾನು ಹೋದಾಗ ಬಬಿಯಾ ಇನ್ನೂ ಇತ್ತು. ಎರಡು ಗಂಟೆ ಕಾದ ಮೇಲೆ ನೀರಿನ ಮೇಲೆ ಎರಡು ಕಣ್ಣು, ಮೂಗಿನ ತುದಿ, ಅಷ್ಟೇ ಕಂಡಿತು. ಪಕ್ಕದಲ್ಲಿ ನಿಂತಿದ್ದ ಅಮ್ಮ ಕೈ ಮುಗಿದರು. ನನಗೂ ಕೈ ಮುಗಿಯಬೇಕೆನಿಸಿತು, ಮುಗಿದೆ.

ಕೆರೆಯ ಮೀನನ್ನು ಅದು ಮುಟ್ಟುತ್ತಿರಲಿಲ್ಲ ಎಂಬ ಮಾತನ್ನು ನಾನು 'ಕೇಳಿದ್ದು' ಕಡೆಗೆ ಬರೆದುಕೊಂಡಿದ್ದೇನೆ. ನೀರಿನ ಒಳಗೆ ರಾತ್ರಿ ಏನು ನಡೆಯುತ್ತದೆ ಎಂದು ಕಂಡವರು ಯಾರು? ಕೆರೆ ಮೊಸಳೆಗೆ ಮೀನೇ ಮುಖ್ಯ ಆಹಾರ. ಆದರೆ ಕೆರೆಯ ಮೆಟ್ಟಿಲವರೆಗೆ ಬರುವಷ್ಟು ಸಲಿಗೆಯಿದ್ದ ಆ ಮೊಸಳೆ ಯಾರಿಗೂ ಕೇಡು ಮಾಡಲಿಲ್ಲ ಎಂಬುದಕ್ಕೆ ಇಡೀ ಊರೇ ಸಾಕ್ಷಿ. 2022ರ ಅಕ್ಟೋಬರ್ 9ರಂದು ಅದು ತೀರಿಕೊಂಡಾಗ ಜನ ಸಾಲುಗಟ್ಟಿ ಬಂದು ಅತ್ತರು. ಒಂದು ಹೋದರೆ ಇನ್ನೊಂದು ಬರುತ್ತದೆ ಎನ್ನುತ್ತದೆ ಅಲ್ಲಿನ ಕಥೆ. ಮರುವರ್ಷ ನವೆಂಬರಿನಲ್ಲಿ ಅದೇ ಕೆರೆಯಲ್ಲಿ ಮರಿ ಮೊಸಳೆಯೊಂದು ಕಾಣಿಸಿಕೊಂಡಿತು. ಅದು ಎಲ್ಲಿಂದ ಬಂತು ಎಂದು ತಲೆ ಕೆಡಿಸಿಕೊಳ್ಳುವವರು ಕೆಡಿಸಿಕೊಳ್ಳಲಿ. 1945ರ ಕಥೆಯನ್ನು ಅಲ್ಲಿನವರು ಯಾಕೆ ಅಷ್ಟು ಗಟ್ಟಿಯಾಗಿ ನಂಬಿದ್ದರು ಎಂಬುದು ನನಗೆ ಆಗ ಅರ್ಥವಾಯಿತು.

ಇನ್ನು ಗೊರಕೆಯ ಗುಡಿಗೆ ಬರುತ್ತೇನೆ. ಊರಿನ ಹೆಸರು ಬೇಡ. ಕೆರೆ ಏರಿಯ ಕೆಳಗೆ ಪಾಳು ಬಿದ್ದ ಈಶ್ವರನ ಗುಡಿ. ಕತ್ತಲಾದ ಮೇಲೆ ಒಳಗಿನಿಂದ ಯಾರೋ ಗೊರಕೆ ಹೊಡೆಯುವ ಸದ್ದು ಬರುತ್ತದೆ ಎಂದು ಆ ಕಡೆ ಯಾರೂ ಹೋಗುತ್ತಿರಲಿಲ್ಲ. 'ಅದು ಅಯ್ನೋರು' ಎಂದರು ಎಂಬತ್ತೈದು ದಾಟಿದ ಒಬ್ಬ ಅಜ್ಜಿ. 'ನಾನಿನ್ನೂ ಹುಟ್ಟಿರ್ನಿಲ್ಲ ಮೇಷ್ಟ್ರೇ. ನಮ್ಮತ್ತೆ ಅವ್ವ ಕಂಡಿದ್ದೋರು. ವಿಳಂಬಿ ವರ್ಷ. ಊರವರೆಲ್ಲ ಊರು ಬುಟ್ಟು ಹೊಲದಲ್ಲಿ ಗುಡ್ಲು ಹಾಕ್ಕಂಡ್ರಂತೆ. ದೀಪ ಹಚ್ಚೋರ್ಯಾರು ಅಂತ ಅಯ್ನೋರೊಬ್ರೇ ಗುಡೀಲಿ ಉಳ್ಕಂಡ್ರಂತೆ. ವಾಪಸ್ ಬಂದು ನೋಡುದ್ರೆ ಅಲ್ಲೇ ಮಲಗ್ದಂಗೆ ಹೋಗ್ಬುಟ್ಟವ್ರೆ.'

ವಿಳಂಬಿ ಎಂದೊಡನೆ ಪುಸ್ತಕದಲ್ಲಿ 1958 ಎಂದು ಗೀಚಿದ್ದೆ. ಆಕೆ ಹುಟ್ಟುವ ಮುಂಚಿನ ಮಾತು ಎಂದ ಮೇಲೆ ಅದನ್ನು ಹೊಡೆದು ಹಾಕಬೇಕಾಯಿತು. ಊರು ಯಾಕೆ ಬಿಟ್ಟರು ಎಂದು ಕೇಳಿದೆ. 'ಇಲಿ ಬಿದ್ವಂತೆ' ಎಂದರು. ಅಷ್ಟು ಸಾಕಿತ್ತು. ಮೈಸೂರು ಸೀಮೆಗೆ ಪ್ಲೇಗ್ ಬಂದದ್ದು 1898ರಲ್ಲಿ, ಅದು ವಿಳಂಬಿ. ಪ್ಲೇಗು ಮೊದಲು ಇಲಿಗಳನ್ನು ಕೊಲ್ಲುತ್ತದೆ. ಸತ್ತ ಇಲಿಯ ಮೈಮೇಲಿನ ಚಿಗಟ ಮನುಷ್ಯರ ಮೇಲೆ ಹಾರುತ್ತದೆ. ಹಾಗಾಗಿ ಮನೆಯ ಸೂರಿನಿಂದ ಇಲಿ ಸತ್ತು ಬಿದ್ದರೆ ಜನ ಗಂಟುಮೂಟೆ ಕಟ್ಟಿ ಊರಾಚೆ ಗುಡಿಸಲಿಗೆ ಹೋಗುತ್ತಿದ್ದರು. ಇಲಿ ಬಿತ್ತು ಎಂಬ ಎರಡೇ ಮಾತು ಆ ಊರಿನಲ್ಲಿ ನೂರು ವರ್ಷಕ್ಕೂ ಮೀರಿ ಬಾಳಿದೆ.

ಜೊತೆಗೆ ಇಬ್ಬರು ಹಳೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಒಂದು ರಾತ್ರಿ ಆ ಗುಡಿಯ ನವರಂಗದಲ್ಲಿ ಕೂತೆ. ಟಾರ್ಚು ಆರಿಸಿದ್ದೆವು. ಎಂಟು ಗಂಟೆಯ ಹೊತ್ತಿಗೆ ಶುರುವಾಯಿತು: ಎಳೆದೆಳೆದು ಬಿಡುವ ಉಸಿರು, ಗಂಟಲಲ್ಲಿ ಕಫ ಕಟ್ಟಿದವರ ಗೊರಕೆ. ಒಬ್ಬ ಹುಡುಗ ನನ್ನ ತೋಳು ಹಿಡಿದುಕೊಂಡ. ನನಗೂ ಬೆನ್ನು ತಣ್ಣಗಾಯಿತು. ಸದ್ದು ಒಂದೇ ಕಡೆಯಿಂದ ಬರುತ್ತಿರಲಿಲ್ಲ, ಒಂದು ನಿಂತರೆ ಇನ್ನೊಂದು ಎತ್ತಿಕೊಳ್ಳುತ್ತಿತ್ತು. ಆಮೇಲೆ ತಲೆಯ ಮೇಲಿಂದ ಬೆಳ್ಳಗೆ ಏನೋ ಒಂದು ರೆಕ್ಕೆಯ ಸದ್ದೇ ಇಲ್ಲದೆ ತೇಲಿ ಒಳಗೆ ಬಂತು. ಗೊರಕೆ ಜೋರಾಯಿತು, ಕಿರಿಚಾಟವಾಯಿತು, ನಿಂತಿತು. ಮರುಗಳಿಗೆ ಮತ್ತೆ ಶುರು.

ಬೆಳಗ್ಗೆ ಗರ್ಭಗುಡಿಯ ಬಾಗಿಲ ಬಳಿ ನೆಲ ನೋಡಿದೆವು. ಹೆಬ್ಬೆರಳು ಗಾತ್ರದ ಕಪ್ಪು ಉಂಡೆಗಳು, ಕೆಲವು ಇನ್ನೂ ಹಸಿಯಾಗಿ ಹೊಳೆಯುತ್ತಿದ್ದವು. ಒಂದನ್ನು ಕಾಗದದ ಮೇಲಿಟ್ಟು ಕಡ್ಡಿಯಿಂದ ಬಿಡಿಸಿದೆ. ಬೂದು ಬಣ್ಣದ ಕೂದಲು ಉಣ್ಣೆಯ ಹಾಗೆ ಬಿಚ್ಚಿಕೊಂಡಿತು. ಒಳಗೆ ಇಲಿಯ ತಲೆಬುರುಡೆ ಇಡಿಯಾಗಿ, ಅರಿಸಿನ ಬಣ್ಣದ ಮುಂದಿನ ಹಲ್ಲು ಇನ್ನೂ ದವಡೆಯಲ್ಲೇ. ಜೊತೆಗೆ ಸಣ್ಣದೊಂದು ಸುಂಡಿಲಿಯ ದವಡೆ, ಸೂಜಿಯಷ್ಟು ತೆಳ್ಳಗಿನ ಪಕ್ಕೆಲುಬುಗಳು. ಕಣಜ ಗೂಬೆ ಇಲಿಯನ್ನು ಇಡಿಯಾಗಿ ನುಂಗಿ, ಅರಗದ ಕೂದಲು, ಮೂಳೆಯನ್ನು ಹೀಗೆ ಉಂಡೆ ಮಾಡಿ ಕಕ್ಕುತ್ತದೆ. ಹಸಿದ ಮರಿಗಳು ಅಮ್ಮ ಬರುವವರೆಗೆ ರಾತ್ರಿಯಿಡೀ ಗೊರಕೆಯಂಥ ಸದ್ದು ಮಾಡುತ್ತಲೇ ಇರುತ್ತವೆ. ಮೇಲೆ ಚಪ್ಪಡಿ ಸರಿದ ಸಂದಿಯಲ್ಲಿ ನಾಲ್ಕು ಮರಿಗಳಿದ್ದವು, ಒಂದೊಂದೂ ಒಂದೊಂದು ಗಾತ್ರ.

ಇದನ್ನು ಅಜ್ಜಿಗೆ ಹೇಳುವುದೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ನೂರು ವರ್ಷ ಬಾಳಿದ ಕಥೆಯನ್ನು ಟಾರ್ಚು ಹಾಕಿ ಕೊಂದ ಹಾಗಾದರೆ? ಆದರೆ ಊರಿನವರು ಗುಡಿಯ ಜೀರ್ಣೋದ್ಧಾರಕ್ಕೆ ಹಣ ಕೂಡಿಸುತ್ತಿದ್ದರು. ಸಂದಿಗಳಿಗೆಲ್ಲ ಸಿಮೆಂಟು ಬೀಳುವುದರಲ್ಲಿತ್ತು. ಹೇಳದೆ ಇರುವಂತಿರಲಿಲ್ಲ. ಆಕೆಯ ಜಗಲಿಯ ಮೇಲೆ ಕಾಗದ ಬಿಡಿಸಿ ಬುರುಡೆ ತೋರಿಸಿದೆ, ಗೂಬೆಯ ಮರಿಗಳು ಎಂದೆ, ದಿನಾ ರಾತ್ರಿ ಇಲಿ ತಿನ್ನುತ್ತವೆ ಎಂದೆ. ಅಜ್ಜಿ ಬುರುಡೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ನೋಡಿದರು.

'ಇಲೀನ ತಿಂತವಾ?'

'ಹೂಂ ಅಜ್ಜಿ, ಇಲೀನೇ.'

'ಹಂಗಾದ್ರೆ ಅಯ್ನೋರೇ ಕಣಪ್ಪಾ' ಎಂದರು. 'ಇಲಿಯಿಂದ ತಾನೇ ಅವರು ಹೋಗಿದ್ದು.'

ನನ್ನ ಪುಸ್ತಕದಲ್ಲಿ ಕಂಡದ್ದು ಎಂಬಲ್ಲಿ ಕಣಜ ಗೂಬೆ ಎಂದಿದೆ, ಕರೆದದ್ದು ಎಂಬಲ್ಲಿ ಅಯ್ನೋರು ಎಂದಿದೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಹೊಡೆದು ಹಾಕಲು ನನಗೆ ಮನಸ್ಸು ಬರಲಿಲ್ಲ. ಗುಡಿಯ ಕೆಲಸ ಶುರುವಾದಾಗ ಅಜ್ಜಿ ಕೋಲೂರಿಕೊಂಡು ಅಲ್ಲಿಗೆ ಹೋಗಿ, ಅಯ್ನೋರು ಓಡಾಡುವ ದಾರಿ ಮುಚ್ಚಬೇಡಿ ಎಂದು ಹಟ ಹಿಡಿದರು. ನಾನು ಹೇಳಿದ್ದರೆ ಯಾರೂ ಕೇಳುತ್ತಿರಲಿಲ್ಲವೇನೋ. ಗಾರೆಯವರು ಹಿಂಬದಿಯ ಗೋಡೆಯ ಮೇಲೆ, ಚಪ್ಪಡಿಯ ಕೆಳಗೆ, ಒಂದು ಗೇಣು ಅಗಲದ ಕಿಂಡಿ ಹಾಗೇ ಬಿಟ್ಟರು.