ಐಸರ್ ಸೀಟು ಬಿಟ್ಟು ಬೆಂಗಳೂರಲ್ಲೇ ಬಿಎಸ್ಸಿ: ನಾನು ಕಾಲೇಜು ಆರಿಸಿದ ಬಗೆ

ಐಐಟಿ ಮದ್ರಾಸ್‌ನಲ್ಲಿ ಎಂಎಸ್ಸಿ ಫಿಸಿಕ್ಸ್ ಸೀಟು ಸಿಕ್ಕಾಗ ಬಂದ ಫೋನ್‌ಗಳಲ್ಲಿ ಅರ್ಧ, 2022ರಲ್ಲಿ ನನಗೆ ತಲೆ ಕೆಟ್ಟಿದೆ ಅಂದವರದ್ದೇ. ಆ ವರ್ಷ ಕೈಗೆ ಬಂದಿದ್ದ ಐಸರ್ (ಕೇಂದ್ರ ಸರ್ಕಾರದ ವಿಜ್ಞಾನ ಸಂಸ್ಥೆ, ಐದು ವರ್ಷದ ಕೋರ್ಸು) ಸೀಟು ಬಿಟ್ಟು, ಹನುಮಂತನಗರದ ಮನೆಯಿಂದ ದಿನಾ ಓಡಾಡಬಹುದಾದ ಕಾಲೇಜಿಗೆ ಬಿಎಸ್ಸಿ ಸೇರಿದ್ದೆ. "ಐಸರ್ ಬೇಡ ಅಂದ್ರೆ ಸಿಇಟಿ ಸೀಟಾದ್ರೂ ತಗೊಳ್ಲಿ ಭಾವ, ಬಿಎಸ್ಸಿ ಮಾಡಿ ಏನ್ ಮಾಡ್ತಾನೆ?" ಅಂತ ಸೋದರಮಾವ ಅಪ್ಪನಿಗೆ ಹೇಳಿದ್ದರು. ಈಗ ಅವರ ಮಗಳಿಗೆ ಮ್ಯಾತ್ಸ್ ಓದುವ ಆಸೆ. ನಾನು ಕಾಲೇಜು ಆರಿಸಿದ್ದು ಹೇಗೆ ಅಂತ ಅವರೇ ಕೇಳಿದರು. ಎಲ್ಲರಿಗೂ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಸೋತ ಕಥೆ. ಐಐಎಸ್‌ಸಿಯ ಬಿಎಸ್‌ಗೆ ನನ್ನ ಜೆಇಇ ರ‍್ಯಾಂಕ್ ಸಾಲಲಿಲ್ಲ. ಮೈಸೂರು ರಸ್ತೆಯ ಐಎಸ್‌ಐನಲ್ಲಿ (ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್) ಗಣಿತದ ಪದವಿ ಬಿ.ಮ್ಯಾತ್ ಆಗಲಿಲ್ಲ. ಚೆನ್ನೈನ ಗಣಿತ ಸಂಸ್ಥೆ ಸಿಎಂಐ ಕೂಡ ಆಗಲಿಲ್ಲ. ಈ ಎರಡು ಪರೀಕ್ಷೆಗಳಿಗೆ ಜೆಇಇ ಕೋಚಿಂಗ್ ನಂಬಿ ಕೂತರೆ ನಡೆಯುವುದಿಲ್ಲ, ಅಲ್ಲಿ ಉತ್ತರ ಯಾಕೆ ಸರಿ ಅಂತ ಸಾಧಿಸಿ ತೋರಿಸುವ ಪ್ರೂಫ್ ಬರೆಯಬೇಕು. ಅರ್ಜಿ ಫೀಸು, ಓಡಾಟ ಎಲ್ಲ ಸೇರಿ ಎಂಟು ಸಾವಿರದ ಮೇಲೆ ಹೋಯಿತು. ಐಎಸ್‌ಐ ಸೀಟು ಸಿಕ್ಕಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ನನ್ನ ವರ್ಷ ಅಲ್ಲಿ ಫೀಸೂ ಇಲ್ಲ, ತಿಂಗಳಿಗೆ ಸ್ಟೈಪೆಂಡ್ ಬೇರೆ. ಸಿಕ್ಕವರು ಯೋಚನೆ ಮಾಡದೆ ಹೋಗಿ.

ಉಳಿದದ್ದು ಐಸರ್. ಅದರ ಮೇಲೆ ನನಗೆ ಇವತ್ತಿಗೂ ಗೌರವವಿದೆ. ಆದರೆ ಅಪ್ಪನದು ದಿನಸಿ ಅಂಗಡಿ. ಐದು ವರ್ಷದ ಫೀಸು, ಹಾಸ್ಟೆಲ್, ಮೆಸ್, ರೈಲು, ಒಂದು ಲ್ಯಾಪ್‌ಟಾಪ್ ಎಲ್ಲ ಕೂಡಿದರೆ ನಮ್ಮ ಲೆಕ್ಕದಲ್ಲಿ ಆರೇಳು ಲಕ್ಷ. ಬೆಂಗಳೂರಲ್ಲಿ ಮೂರು ವರ್ಷಕ್ಕೆ ಒಂದೂಕಾಲು ಲಕ್ಷದ ಆಸುಪಾಸು, ಮನೆ ಊಟ. ವಿಜ್ಞಾನ ಓದುವವರಿಗೆ ಕೇಂದ್ರ ಸರ್ಕಾರ ಕೊಡುವ ಇನ್‌ಸ್ಪೈರ್ ಸ್ಕಾಲರ್‌ಶಿಪ್ ಸಿಕ್ಕರೆ ವರ್ಷಕ್ಕೆ 80,000, ಅದರಲ್ಲಿ 20,000 ಪ್ರಾಜೆಕ್ಟ್‌ಗೆ. ಅದು ಎರಡೂ ಕಡೆ ಸಿಗುತ್ತಿತ್ತು, ಹಾಗಾಗಿ ಲೆಕ್ಕದಿಂದ ತೆಗೆದುಬಿಟ್ಟೆ. ಬರುವ ದುಡ್ಡನ್ನು ನಂಬಿಕೊಂಡು ಕಾಲೇಜು ಆರಿಸಬಾರದು.

ಪ್ರಶ್ನೆ ಇದ್ದದ್ದು, ಊರಿನ ಯಾವ ಕಾಲೇಜು? ಕಾಲೇಜಿನ ಗುಣಮಟ್ಟಕ್ಕೆ ಕೊಡುವ ನ್ಯಾಕ್ ಗ್ರೇಡು, ಪತ್ರಿಕೆಗಳ ರ‍್ಯಾಂಕಿಂಗು, ಓಪನ್ ಹೌಸು ಎಲ್ಲ ನೋಡಿದೆ. ಒಂದರಿಂದಲೂ ಏನೂ ಗೊತ್ತಾಗಲಿಲ್ಲ. ಆಫೀಸಿನಲ್ಲಿ ಕೇಳಿದರೆ ಎಲ್ಲ ಕಡೆ "ನಮ್ಮಲ್ಲಿ ಪ್ಲೇಸ್‌ಮೆಂಟ್ ಚೆನ್ನಾಗಿದೆ" ಅನ್ನುವ ಉತ್ತರ. ಫಿಸಿಕ್ಸ್ ಓದಲು ಬಂದವನಿಗೆ ಅದರಿಂದ ಏನಾಗಬೇಕು?

ಆಗ ಹಿಡಿದದ್ದು ಪ್ರಶ್ನೆಪತ್ರಿಕೆಯ ದಾರಿ. ಸ್ವಾಯತ್ತ ಕಾಲೇಜುಗಳು ತಮ್ಮ ಪತ್ರಿಕೆ ತಾವೇ ಮಾಡುತ್ತವೆ. ಹಾಗಾಗಿ ಕೊನೆಯ ವರ್ಷದ ಪತ್ರಿಕೆ ನೋಡಿದರೆ ಮೇಷ್ಟ್ರು ಹುಡುಗರಿಂದ ಏನು ಬಯಸುತ್ತಾರೆ ಅಂತ ಬಚ್ಚಿಡಲು ಆಗುವುದಿಲ್ಲ. ಕಾಲೇಜುಗಳ ಹತ್ತಿರದ ಜೆರಾಕ್ಸ್ ಅಂಗಡಿಗಳಲ್ಲಿ ಹಳೇ ಪತ್ರಿಕೆಗಳ ಕಟ್ಟು ಸಿಗುತ್ತಿತ್ತು, ಒಟ್ಟು ನಾನೂರೋ ಐನೂರೋ ಖರ್ಚು. ಕ್ವಾಂಟಂ ಮೆಕ್ಯಾನಿಕ್ಸ್, ರಿಯಲ್ ಅನಾಲಿಸಿಸ್, ಲೀನಿಯರ್ ಆಲ್ಜೀಬ್ರಾ, ಈ ಮೂರನ್ನೇ ತೆಗೆದುಕೊಂಡೆ. ಬಾಯಿಪಾಠ ಮಾಡಿ ಬರೆಯಬಹುದಾದ ಪ್ರಶ್ನೆಗೆ ಕೆಂಪು ಗೆರೆ, ತಲೆ ಓಡಿಸಬೇಕಾದ ಪ್ರಶ್ನೆಗೆ ಹಸಿರು. ಪಿಯು ಮುಗಿಸಿದವನಿಗೆ ಅದು ಹೇಗೆ ಗೊತ್ತಾಯಿತು ಅಂದರೆ, ಒಂದೇ ಪ್ರಶ್ನೆ ವರ್ಷ ವರ್ಷವೂ ಬಂದಿದ್ದರೆ ಅದು ಕೆಂಪು, ಅಷ್ಟೇ. ಒಂದು ಹೆಸರಾಂತ ಕಾಲೇಜಿನ ಕಟ್ಟು ಹೆಚ್ಚುಕಮ್ಮಿ ಪೂರ್ತಿ ಕೆಂಪಾಯಿತು. ನಾನು ಆರಿಸಿದ ಕಾಲೇಜಿನದು ಮೂರರಲ್ಲಿ ಒಂದು ಪಾಲು ಹಸಿರು. ಕಡಿಮೆ ಅನಿಸಬಹುದು. ಉಳಿದವುಗಳ ಪಕ್ಕ ಇಟ್ಟು ನೋಡಿದರೆ ತುಂಬಾ ಜಾಸ್ತಿ.

ವಿಶ್ವವಿದ್ಯಾಲಯದ ಅಡಿಯ ಕಾಲೇಜುಗಳಿಗೆ ಇದು ನಡೆಯುವುದಿಲ್ಲ, ಎಲ್ಲರಿಗೂ ಒಂದೇ ಪತ್ರಿಕೆ. ಅಲ್ಲಿ ಮೂರನೇ ವರ್ಷದವರನ್ನೇ ಹಿಡಿಯಬೇಕು. ಕ್ಯಾಂಟೀನ್‌ನಲ್ಲಿ ಟೀ ಕೊಡಿಸಿ ಒಂದೇ ಪ್ರಶ್ನೆ ಕೇಳುತ್ತಿದ್ದೆ: ಒಂದು ಮ್ಯಾಟ್ರಿಕ್ಸ್‌ನ (ಸಾಲು ಸಾಲಾಗಿ ಜೋಡಿಸಿದ ಸಂಖ್ಯೆಗಳ ಚೌಕ) ಐಗನ್ ವ್ಯಾಲ್ಯೂ (ಕೆಲವು ದಿಕ್ಕುಗಳನ್ನು ಅದು ಎಷ್ಟು ಪಟ್ಟು ಹಿಗ್ಗಿಸುತ್ತದೆ ಅನ್ನುವ ಸಂಖ್ಯೆ) ಎಲ್ಲ 0 ಆದರೆ ಆ ಮ್ಯಾಟ್ರಿಕ್ಸೇ 0 ಆಗಬೇಕಾ? ನಮ್ಮ ಬೀದಿಯ ಅಣ್ಣ ಒಬ್ಬರು ಹೇಳಿಕೊಟ್ಟಿದ್ದ ಪ್ರಶ್ನೆ. ಆಗಬೇಕಿಲ್ಲ. ಮೇಲಿನ ಸಾಲು 0, 1, ಕೆಳಗಿನ ಸಾಲು 0, 0 ಬರೆದರೆ ಮುಗಿಯಿತು. ಉತ್ತರ ಗೊತ್ತಿರುವುದು ಮುಖ್ಯವಲ್ಲ. ಪೆನ್ನು ತೆಗೆದು ಗೀಚಲು ಶುರುಮಾಡುತ್ತಾರಾ, "ಅದು ಸಿಲಬಸ್‌ನಲ್ಲಿಲ್ಲ" ಅನ್ನುತ್ತಾರಾ, ಅದನ್ನು ನೋಡುತ್ತಿದ್ದೆ. ಫಿಸಿಕ್ಸ್‌ಗೆ ಬೇರೆ ಪ್ರಶ್ನೆ ಇತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ, ಮಾವನ ಮಗಳು ಇನ್ನೂ ಅದನ್ನೇ ಹಿಡಿದುಕೊಂಡು ಕಾಲೇಜು ಸುತ್ತಬೇಕಿದೆ.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಲೈಬ್ರರಿಯ ಪುಸ್ತಕಗಳ ಹಿಂದೆ ಅಂಟಿಸಿದ ಚೀಟಿಯಲ್ಲಿ ಎಷ್ಟು ತಾರೀಖಿನ ಮುದ್ರೆ ಇದೆ ಅಂತ ನೋಡುವುದು. ಐಡಿಯಾ ಚೆನ್ನಾಗಿತ್ತು. ಆದರೆ ಒಂದೆರಡು ಕಡೆ ಮಾತ್ರ ಒಳಗೆ ಬಿಟ್ಟರು. ಅಲ್ಲೂ ಬಾರ್‌ಕೋಡ್ ಬಂದು ಚೀಟಿಗೆ ಮುದ್ರೆ ಒತ್ತುವುದೇ ನಿಂತಿತ್ತು. ಕೈಬಿಟ್ಟೆ.

ಲೆಕ್ಕಕ್ಕೆ ಹಿಡಿಯಲೇಬೇಕಾದ ಮಾತು ಇನ್ನೊಂದಿದೆ. ಬೆಂಗಳೂರಲ್ಲಿ ಓದುವವನಿಗೆ ಕಾಲೇಜು ಅಂದರೆ ಬರೀ ಕಾಲೇಜಲ್ಲ. ನೆಹರೂ ತಾರಾಲಯದಲ್ಲಿ ಬಿಎಸ್ಸಿಯವರಿಗೆ ಅಂತಲೇ ರೀಪ್ ತರಗತಿಗಳಿವೆ, ಫಿಸಿಕ್ಸ್ ಅನ್ನು ಅಲ್ಲಿ ಬುಡದಿಂದ ಕಲಿಸುತ್ತಾರೆ. ಕಾಲೇಜಲ್ಲಿ ಎರಡು ಕ್ಲಾಸಿನಲ್ಲಿ ಓಡಿಸಿದ್ದನ್ನು ಅಲ್ಲಿ ತಿಂಗಳುಗಟ್ಟಲೆ ಅರೆದರು. ಸದಾಶಿವನಗರದಲ್ಲಿ ಸಿ.ವಿ. ರಾಮನ್ 1948ರಲ್ಲಿ ಕಟ್ಟಿದ ಸಂಶೋಧನಾ ಸಂಸ್ಥೆ ಇದೆ, ಕೋರಮಂಗಲದಲ್ಲಿ ಖಭೌತ ಸಂಸ್ಥೆ, ಹೆಸರಘಟ್ಟದ ಕಡೆ ಥಿಯರಿ ಸಂಶೋಧನೆಯ ಕೇಂದ್ರ ಐಸಿಟಿಎಸ್. ಸೆಮಿನಾರ್‌ಗೆ ಹೋಗಿ ಹಿಂದಿನ ಸಾಲಲ್ಲಿ ಕೂತರೆ ಯಾರೂ ಎಬ್ಬಿಸಲಿಲ್ಲ. ಎರಡನೇ ವರ್ಷದ ಬೇಸಿಗೆಯಲ್ಲಿ ವಿಜ್ಞಾನ ಅಕಾಡೆಮಿಗಳ ಫೆಲೋಶಿಪ್ ಸಿಕ್ಕಿತು. ಆ ಎರಡು ತಿಂಗಳು ಕಲಿತದ್ದು ಒಂದು ಸೆಮಿಸ್ಟರ್‌ಗಿಂತ ಜಾಸ್ತಿ. ಅದಕ್ಕೇ ಕಾಲೇಜು ಆರಿಸುವಾಗ ವಾರದ ಟೈಮ್‌ಟೇಬಲ್ ಕೇಳಿ ತೆಗೆದುಕೊಂಡಿದ್ದೆ. ಶನಿವಾರವೂ ಸಂಜೆವರೆಗೆ ಕೂರಿಸುವ ಒಂದು ಕಾಲೇಜನ್ನು ಅಷ್ಟಕ್ಕೇ ಬಿಟ್ಟೆ.

ಸೇರಿದ ಕಾಲೇಜು ಸ್ವರ್ಗವಾಗಿರಲಿಲ್ಲ. ಲ್ಯಾಬಿನಲ್ಲಿ ಸ್ಪೆಕ್ಟ್ರೋಮೀಟರ್ ಅರ್ಧಕ್ಕರ್ಧ ಕೆಟ್ಟಿದ್ದವು. ಒಂದು ಸೆಮಿಸ್ಟರ್ ಥರ್ಮೋಡೈನಾಮಿಕ್ಸ್‌ಗೆ ಮೇಷ್ಟ್ರೇ ಇರಲಿಲ್ಲ. ಆದರೆ ಅನಾಲಿಸಿಸ್ ಕಲಿಸಿದ ಮೇಡಂ ನಾನು ತಪ್ಪು ಪ್ರೂಫ್ ಬರೆದಾಗಲೆಲ್ಲ ಸ್ಟಾಫ್ ರೂಮಿಗೆ ಕರೆದು ಮತ್ತೆ ಬರೆಸುತ್ತಿದ್ದರು. ಪತ್ರಿಕೆಯಲ್ಲಿ ನೋಡಿದ ಹಸಿರು ಗೆರೆ ಅವರದೇ ಕೈ ಅಂತ ಆಮೇಲೆ ಗೊತ್ತಾಯಿತು.

ಮೂರನೇ ವರ್ಷ, 2025ರ ಫೆಬ್ರವರಿಯಲ್ಲಿ ಐಐಟಿಗಳ ಎಂಎಸ್ಸಿ ಪ್ರವೇಶ ಪರೀಕ್ಷೆ ಜ್ಯಾಮ್ ಬರೆದೆ. ಕೋಚಿಂಗ್‌ಗೆ ಒಂದು ರೂಪಾಯಿ ಕೊಟ್ಟಿಲ್ಲ. ರ‍್ಯಾಂಕ್ ಇನ್ನೂರರ ಒಳಗೆ ಬಂತು. ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ.

ಈಗ ಹುಡುಕುವವರಿಗೆ ಒಂದು ಎಚ್ಚರಿಕೆ. ನಾನು ಸೇರಿದ್ದು ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಇದ್ದಾಗ, ಫಿಸಿಕ್ಸ್ ಮತ್ತು ಮ್ಯಾತ್ಸ್ ಎರಡೇ ಮುಖ್ಯ ವಿಷಯ. 2024ರಿಂದ ರಾಜ್ಯ ಅದನ್ನು ಬಿಟ್ಟು ಹಳೇ ಮೂರು ವರ್ಷದ ಪದವಿಗೆ ಮರಳಿದೆ. ಸಿಲಬಸ್ಸೂ ಬದಲಾಗಿದೆ, ಹಾಗಾಗಿ ಜೆರಾಕ್ಸ್ ಅಂಗಡಿಯವರು ಕೊಡುವ ಕಟ್ಟನ್ನು ಸುಮ್ನೆ ತರಬೇಡಿ. ಮೇಲಿರುವ ವರ್ಷ ಓದಿ, 2024ರಿಂದ ಈಚೆಗೆ ಸೇರಿದವರ ಪತ್ರಿಕೆಗಳನ್ನೇ ಬೇರೆಯಾಗಿ ಕೇಳಿ ತನ್ನಿ.